ಗೋಪುರ ಎಷ್ಟು ಎತ್ತರವಿರಬೇಕು ಎಂಬುದು ಕೊನೆಯ ಪ್ರಶ್ನೆ

ಪ್ರಶ್ನೆ: ನಮ್ಮದು ಗದಗ ಸೀಮೆಯ ಒಂದು ಹಳ್ಳಿ. ಮಾಗಡಿ ಕೆರೆಗೆ ಬರುವಂತೆ ನಮ್ಮೂರ ಕೆರೆಗೂ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಬೇಕೆಂಬ ಪ್ರಸ್ತಾವ ಹೋಗಿದೆ. ನೋಡಲು ಬರುವವರಿಗಾಗಿ ವೀಕ್ಷಣಾ ಗೋಪುರ ಕಟ್ಟಿಸಲು ಊರಿನ ಸಮಿತಿ ತೀರ್ಮಾನಿಸಿದೆ. ಏರಿಯ ನಟ್ಟನಡುವೆ 15 ಮೀಟರ್ ಎತ್ತರದ ಗೋಪುರ, ಕಬ್ಬಿಣದ ಸುರುಳಿ ಮೆಟ್ಟಿಲು, ತುದಿಯಲ್ಲಿ ಗಾಜಿನ ಕೋಣೆ: ಇದು ಗುತ್ತಿಗೆದಾರರು ಕೊಟ್ಟ ನಕ್ಷೆ. ಏರಿ ಕೆರೆಯ ಪೂರ್ವಕ್ಕಿದೆ. ಅದರ ದಕ್ಷಿಣ ತುದಿಯಲ್ಲಿ ಒಂದು ದಿಬ್ಬ, ದಿಬ್ಬದ ಮೇಲೆ ದುರ್ಗವ್ವನ ಗುಡಿ, ಹಳೆಯ ಹುಣಸೆ ಮರಗಳಿವೆ. ಶಾಲೆಯ 40 ಮಕ್ಕಳು ಒಟ್ಟಿಗೆ ಹತ್ತುವಂತಿರಬೇಕು. 15 ಮೀಟರ್ ಎತ್ತರ ಸಾಕೇ, ಇನ್ನೂ ಏರಿಸಬೇಕೇ?

ಉತ್ತರ: ಏರಿಸುವುದು ಬೇಡ, ಇಳಿಸಿ. ನನ್ನ ಲೆಕ್ಕದಲ್ಲಿ ನಿಮಗೆ ಮೂರೂವರೆ ಮೀಟರ್ ಸಾಕು, ಅದೂ ಬೇರೆ ಜಾಗದಲ್ಲಿ. ಗುತ್ತಿಗೆದಾರರಿಗೆ ಬೇಸರವಾದೀತು. ಆದರೆ ಅವರು ಕೊಟ್ಟಿರುವ ನಕ್ಷೆಯಂಥದ್ದನ್ನೇ ನಾನೂ ಒಮ್ಮೆ ಬರೆದು ಕಟ್ಟಿಸಿ ಕೈ ಸುಟ್ಟುಕೊಂಡವನು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ವೃತ್ತಿಗೆ ಬಂದ ಹೊಸದರಲ್ಲಿ ಒಂದು ಕೆರೆಯ ದಂಡೆಯಲ್ಲಿ 12 ಮೀಟರ್ ಗೋಪುರ ವಿನ್ಯಾಸ ಮಾಡಿದೆ. ನಾಲ್ಕೂ ಕಡೆ ತೆರೆದ ಅಟ್ಟ, ಬಿಳಿ ಬಣ್ಣ, ಸುತ್ತ ಹತ್ತು ಹದಿನೈದು ಕಿಲೋಮೀಟರ್ ಕಾಣುವ ನೋಟ. ಉದ್ಘಾಟನೆಯ ದಿನ ಎಲ್ಲರೂ ಹೊಗಳಿದರು. ಚಳಿಗಾಲ ಬಂತು, ಹಕ್ಕಿಗಳೂ ಬಂದವು. ಮೊದಲ ಭಾನುವಾರ ಜನ ಮೇಲೆ ಹತ್ತಿ ನಿಂತರು. ಹತ್ತು ನಿಮಿಷದೊಳಗೆ ಬಾತುಗಳ ಹಿಂಡು ಎದ್ದು ಆಚೆ ದಂಡೆಗೆ ಹೋಗಿ ಕುಳಿತಿತು, ಆ ಋತುವೆಲ್ಲ ಅಲ್ಲೇ ಉಳಿಯಿತು. ಜನ ನೋಡಿದ್ದು ಚುಕ್ಕಿಗಳನ್ನು. ಕೆಳಗೆ ಕುರಿ ಮೇಯಿಸುತ್ತಿದ್ದವನ ಪಕ್ಕದಲ್ಲಿ ಮಾತ್ರ ಕೂಗಳತೆಯಲ್ಲಿ ಒಂದಿಷ್ಟು ಬಾತುಗಳು ನಿಶ್ಚಿಂತೆಯಿಂದ ಮೇಯುತ್ತಿದ್ದವು. ಆ ಕುರಿಗಾಹಿಯನ್ನು ನೋಡುತ್ತಾ ನಿಂತಾಗ ನನ್ನ ತಪ್ಪು ಹೊಳೆಯಿತು. ಅವನು ದಿನವೂ ಬರುವವನು, ನೆಲದ ಮೇಲೆ ಇರುವವನು, ಕುರಿಗಳ ನಡುವೆ ಕರಗಿ ಹೋದವನು. ನಮ್ಮ ಜನ ಆಕಾಶಕ್ಕೆ ಅಂಟಿಸಿದ ಕಪ್ಪು ಬೊಂಬೆಗಳಂತೆ ಅಟ್ಟದ ತುದಿಯಲ್ಲಿ ಕೈ ಬೀಸುತ್ತಿದ್ದರು.

ನಿಮ್ಮ ಸೀಮೆಯ ಜೋಳದ ಹೊಲದ ಮಂಚಿಕೆ ನೆನಪಿಸಿಕೊಳ್ಳಿ. ನಾಲ್ಕು ಗೂಟ ನೆಟ್ಟು ಮೇಲೆ ಕಟ್ಟಿದ ಅಟ್ಟ. ಅದರ ಮೇಲೆ ಕವಣೆ ಹಿಡಿದು ನಿಂತ ಮನುಷ್ಯ ಹಕ್ಕಿಗೆ ಕಾಣಬೇಕು, ಕಂಡು ಹೆದರಬೇಕು. ವಿಜಯಪುರದ ಉಪ್ಲಿ ಬುರುಜನ್ನೂ ನೋಡಿ. 1584ರ ಸುಮಾರಿಗೆ ಕಟ್ಟಿದ, ಹೊರಮೈಗೆ ಮೆಟ್ಟಿಲು ಸುತ್ತಿಕೊಂಡ, 80 ಅಡಿಯ ಆ ಬುರುಜು ದೂರದ ಶತ್ರುವನ್ನು ಕಾಣುವುದಕ್ಕೆ ಎಷ್ಟೋ, ಶತ್ರುವಿಗೆ ಕಾಣುವುದಕ್ಕೂ ಅಷ್ಟೇ. ನಮ್ಮ ತಲೆಯಲ್ಲಿ ಗೋಪುರ ಎಂದರೆ ಈ ಎರಡು ಮಾದರಿಗಳೇ ಕುಳಿತಿವೆ. ಹಕ್ಕಿ ನೋಡುವ ಗೋಪುರದ ಕೆಲಸ ಇವೆರಡಕ್ಕೂ ತದ್ವಿರುದ್ಧ: ನಾವು ನೋಡಬೇಕು, ನಾವು ಕಾಣಬಾರದು. ಮರೆ ಮೊದಲು, ಬೆಳಕು ಆಮೇಲೆ, ನೀರಿನ ದೂರ ಅದರ ನಂತರ. ಈ ಮೂರೂ ತೀರ್ಮಾನವಾದ ಮೇಲೆ ಉಳಿಯುವುದು ಎತ್ತರ.

ಎತ್ತರದಿಂದ ನಿಜಕ್ಕೂ ಏನು ಸಿಗುತ್ತದೆ ಎಂದು ಲೆಕ್ಕ ಹಾಕೋಣ. ಬಯಲಿನಲ್ಲಿ ಕಣ್ಣು 16 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 14 ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ಅದರಿಂದ ನಿಮಗೇನು ಲಾಭ? ಎಂಟು ಪಟ್ಟಿನ ದುರ್ಬೀನಿನಲ್ಲಿ ಹೆಬ್ಬಾತಿನ ತಲೆಯ ಎರಡು ಕಪ್ಪು ಪಟ್ಟಿಗಳನ್ನು ಮಗುವೊಂದು ಖುಷಿಯಿಂದ ಗುರುತಿಸುವುದು ಇನ್ನೂರು ಮುನ್ನೂರು ಮೀಟರ್ ಒಳಗಿದ್ದರೆ. ಅದಕ್ಕೂ ಆಚಿನದು ಪ್ರಕೃತಿಸೌಂದರ್ಯ, ಪಕ್ಷಿವೀಕ್ಷಣೆಯಲ್ಲ. ಕೆರೆಯಲ್ಲಿ ಎತ್ತರ ಬೇಕಾಗುವುದು ಒಂದೇ ಕಾರಣಕ್ಕೆ: ದಂಡೆಯ ಜೊಂಡನ್ನು ದಾಟಿ ಅದರ ಹಿಂದಿನ ನೀರನ್ನು ಕಾಣಲು.

ಜೊಂಡು ಎರಡೂವರೆ ಮೀಟರ್ ಬೆಳೆದಿದೆ, ಅದರ ಆಚೆಯಂಚು ಗೋಪುರದಿಂದ 40 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಕಣ್ಣು ನೀರಿನಿಂದ 5 ಮೀಟರ್ ಮೇಲಿದ್ದರೆ ಜೊಂಡಿನ ಹಿಂದೆ 40 ಮೀಟರ್ ನೀರು ಮರೆಯಾಗುತ್ತದೆ. 8 ಮೀಟರಿಗೆ ಏರಿಸಿದರೆ ಮರೆಯಾಗುವುದು 18 ಮೀಟರ್ ಮಾತ್ರ. ಮೂರೇ ಮೀಟರ್ ಹತ್ತಿದ್ದಕ್ಕೆ 22 ಮೀಟರ್ ನೀರು ಗಳಿಸಿದಿರಿ, ಒಳ್ಳೆಯ ವ್ಯಾಪಾರ. ಈಗ ಎತ್ತರವನ್ನು ದುಪ್ಪಟ್ಟಿಗೂ ತುಸು ಹೆಚ್ಚು ಮಾಡಿ, ಹದಿನಾರೂವರೆ ಮೀಟರಿಗೆ ಒಯ್ಯಿರಿ. ಮರೆ 7 ಮೀಟರಿಗೆ ಇಳಿಯುತ್ತದೆ. ಎಂಟೂವರೆ ಮೀಟರ್ ಹೆಚ್ಚುವರಿ ಗೋಪುರ ಕಟ್ಟಿ ಗಳಿಸಿದ್ದು 11 ಮೀಟರ್ ನೀರು. ಅದೇ ಹೊತ್ತಿನಲ್ಲಿ ಗಾಳಿ ಗೋಪುರವನ್ನು ಬುಡದಲ್ಲಿ ಮಗುಚಲು ನೋಡುವ ಬಲ, ಎತ್ತರ ದುಪ್ಪಟ್ಟಾದರೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಆ ನಾಲ್ಕು ಪಟ್ಟು ಕಬ್ಬಿಣಕ್ಕೂ ಬುನಾದಿಗೂ ದುಡ್ಡು ಕೊಡುವವರು ನೀವು.

ಅಂದ ಹಾಗೆ, ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿರುವ ಹಕ್ಕಿ ಈ ಪಟ್ಟೆತಲೆ ಹೆಬ್ಬಾತು. ಎತ್ತರದ ವಿಷಯದಲ್ಲಿ ಅದನ್ನು ಮೆಚ್ಚಿಸುವ ಆಸೆ ನಾವು ಬಿಡುವುದೇ ಲೇಸು.

ಇನ್ನು ಜಾಗ. ಏರಿಯ ನಡುವೆ ಕಟ್ಟುವ ಯೋಚನೆಯನ್ನು ಇವತ್ತೇ ಕೈಬಿಡಿ. ಇದರಲ್ಲಿ ಹಕ್ಕಿಯ ಮಾತೇ ಇಲ್ಲ, ಊರಿನ ಸುರಕ್ಷತೆಯ ಮಾತು. ಏರಿ ಎಂದರೆ ತಲೆಮಾರುಗಳಿಂದ ಒತ್ತಿ ಗಟ್ಟಿಯಾದ ಮಣ್ಣು. ಅದರೊಳಗೆ ಬುನಾದಿ ತೋಡಿ ಕಾಂಕ್ರೀಟು ತುಂಬಿದರೆ, ಹೊಸ ಕಾಂಕ್ರೀಟಿಗೂ ಹಳೆಯ ಮಣ್ಣಿಗೂ ನಡುವೆ ಬೇಸಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕೆರೆ ತುಂಬಿದಾಗ ನೀರು ಆ ದಾರಿ ಹಿಡಿದು ಮೆಲ್ಲಗೆ ಮಣ್ಣನ್ನು ಹೊತ್ತೊಯ್ಯುತ್ತದೆ. ಇಲಿಬಿಲದಿಂದ ಏರಿ ಒಡೆದ ಕಥೆ ನಿಮ್ಮೂರ ಹಿರಿಯರಿಗೆ ಗೊತ್ತಿರುತ್ತದೆ. ಇದು ನಾವೇ ತೋಡಿಕೊಡುವ ಬಿಲ. ಗೋಪುರ ಗಾಳಿಗೆ ಅಲುಗಿದಷ್ಟೂ ಆ ಸಂದು ಸಡಿಲವಾಗುತ್ತದೆ.

ಕೆರೆಯಂಗಳದ ಕಡೆಯ, ಅಂದರೆ ಪಶ್ಚಿಮದ ದಂಡೆಯಲ್ಲಿ ಕಟ್ಟಬಹುದಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ಕೆರೆಗಳು ಸರೋವರಗಳಲ್ಲ ಎಂಬುದನ್ನು ಅವರು ಮರೆತಿರುತ್ತಾರೆ. ನವೆಂಬರಿನಲ್ಲಿ ಕಾಲಬುಡದಲ್ಲಿದ್ದ ನೀರು ಫೆಬ್ರವರಿಗೆ ನೂರಾರು ಮೀಟರ್ ಹಿಂದೆ ಸರಿದು, ಆಳವಿರುವ ಏರಿಯ ಬುಡದಲ್ಲಿ, ತೂಬಿನ ಸುತ್ತ ಉಳಿದಿರುತ್ತದೆ. ಅಂಗಳದ ಕಡೆ ಕಟ್ಟಿದ ಗೋಪುರದ ಮುಂದೆ ಆಗ ಇರುವುದು ಬಿರುಕು ಬಿಟ್ಟ ನೆಲ ಮತ್ತು ಕ್ರಿಕೆಟ್ ಆಡುವ ಹುಡುಗರು. ಸಾಲದ್ದಕ್ಕೆ ಅಂಗಳದ ನೆಲ ಎರೆಮಣ್ಣಾಗಿದ್ದರೆ ಬುನಾದಿಯೂ ತಲೆನೋವೇ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಆ ಮಣ್ಣಿನಲ್ಲಿ ಮೇಲುಮೇಲೆ ಪಾಯ ಹಾಕಿದರೆ ಒಂದು ಕಂಬ ಏಳುತ್ತದೆ, ಇನ್ನೊಂದು ಕೂರುತ್ತದೆ. ಋತುಮಾನದ ಉಬ್ಬರವಿಳಿತ ತಲುಪದ ಆಳಕ್ಕೆ, ಸಾಮಾನ್ಯವಾಗಿ ಮೂರೂವರೆ ಮೀಟರಿನಷ್ಟು ಕೆಳಗೆ, ಬುಡದಲ್ಲಿ ಗಡ್ಡೆಯಂತೆ ಉಬ್ಬಿರುವ ಪೈಲುಗಳನ್ನು ಇಳಿಸಬೇಕಾಗುತ್ತದೆ. ಆಗುವ ಕೆಲಸವೇ, ಆದರೆ ನಿಮಗೆ ಅದರ ಅಗತ್ಯವಿಲ್ಲ.

ಏಕೆಂದರೆ ನೀವು ಬರೆದ ಪತ್ರದಲ್ಲೇ ಉತ್ತರವಿದೆ: ದುರ್ಗವ್ವನ ದಿಬ್ಬ. ಅದು ಏರಿಯ ದಕ್ಷಿಣ ತುದಿಯಲ್ಲಿದೆ. ಅಲ್ಲಿಂದ ನೋಡುವವರ ಮುಖ ಉತ್ತರಕ್ಕೂ ವಾಯವ್ಯಕ್ಕೂ ಇರುತ್ತದೆ. ಹೆಬ್ಬಾತುಗಳು ಇರುವ ನವೆಂಬರಿನಿಂದ ಮಾರ್ಚ್‌ವರೆಗೆ ನಿಮ್ಮ ಅಕ್ಷಾಂಶದಲ್ಲಿ ಸೂರ್ಯ ಬಹುಪಾಲು ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಡಿಸೆಂಬರಿನಲ್ಲಂತೂ ನೇರ ಪೂರ್ವದಿಂದ 24 ಡಿಗ್ರಿ ದಕ್ಷಿಣಕ್ಕೆ ಹುಟ್ಟಿ, ಪಶ್ಚಿಮದಿಂದ ಅಷ್ಟೇ ದಕ್ಷಿಣಕ್ಕೆ ಮುಳುಗುತ್ತಾನೆ. ಅಂದರೆ ದಿಬ್ಬದ ಮೇಲೆ ಕುಳಿತವರಿಗೆ ದಿನವಿಡೀ ಬೆಳಕು ಬೆನ್ನ ಕಡೆಯಿಂದಲೋ ಪಕ್ಕದಿಂದಲೋ ಬರುತ್ತದೆ. ಬೂದು ರೆಕ್ಕೆ, ಕಿತ್ತಳೆ ಕಾಲು, ಬಿಳಿ ತಲೆಯ ಮೇಲಿನ ಪಟ್ಟಿ ಎಲ್ಲವೂ ಬಣ್ಣದಲ್ಲಿ ಕಾಣುತ್ತವೆ. ಏರಿಯ ನಡುವಿನಿಂದ ಪಶ್ಚಿಮಕ್ಕೆ ನೋಡುವವರಿಗೆ ಬೆಳಿಗ್ಗೆ ಚೆನ್ನ. ಆದರೆ ಜನ ಹೆಚ್ಚಾಗಿ ಬರುವ ಸಂಜೆ ನಾಲ್ಕರ ಮೇಲೆ ಕಣ್ಣಿಗೆ ಬಿಸಿಲು, ನೀರಿನ ಮೇಲೆ ಬೆಳ್ಳಿತಗಡು, ಅದರ ಮೇಲೆ ಮಸಿ ಬಳಿದ ಬಾತುಗಳು.

ದಿಬ್ಬಕ್ಕೆ ಇನ್ನೂ ಎರಡು ಗುಣಗಳಿವೆ. ಬೆನ್ನ ಹಿಂದೆ ಹುಣಸೆ ಮರಗಳಿರುವುದರಿಂದ ನಿಂತವರ ಆಕಾರ ಆಕಾಶಕ್ಕೆ ಎದ್ದು ಕಾಣದು. ಗೋಪುರದ ಮಾಡು ಮರದ ನೆತ್ತಿಗಿಂತ ಕೆಳಗೇ ಇರಲಿ. ಇನ್ನೊಂದು, ಗುಡಿಗೆ ಜನ ದಿನವೂ ಬರುತ್ತಾರೆ, ಹಕ್ಕಿಗಳಿಗೆ ಅದು ರೂಢಿಯಾಗಿದೆ. ಜಾತ್ರೆ ಯಾವ ತಿಂಗಳು ಎಂದು ನೀವು ಬರೆದಿಲ್ಲ. ಚಳಿಗಾಲದಲ್ಲಿದ್ದರೆ ಧ್ವನಿವರ್ಧಕದ ಮುಖವನ್ನು ಊರ ಕಡೆಗೆ ತಿರುಗಿಸಲು ದೈವದವರನ್ನು ಈಗಲೇ ಒಪ್ಪಿಸಿ. ಮರಗಳ ಬೇರಿಗೆ ಪೆಟ್ಟಾಗದಷ್ಟು ದೂರದಲ್ಲಿ ಕಂಬಗಳಿರಲಿ. ಕೋಡಿ ಆ ತುದಿಯಲ್ಲೇ ಇದ್ದರೆ ಅದರ ಹರಿವಿಗೆ ಒಂದು ಕಲ್ಲೂ ಅಡ್ಡ ಬರಬಾರದು.

ದಿಬ್ಬ ತುಂಬಿದ ಕೆರೆಯ ನೀರಿಗಿಂತ 3 ಮೀಟರ್ ಎತ್ತರವಿದೆ ಎಂದುಕೊಂಡು ಹೇಳುತ್ತಿದ್ದೇನೆ. ಅಳತೆ ತೆಗೆದು ಖಚಿತಪಡಿಸಿಕೊಳ್ಳಿ. ಮೂರು ಮೀಟರ್ ದಿಬ್ಬ, ಅದರ ಮೇಲೆ ಮೂರೂವರೆ ಮೀಟರಿಗೆ ಅಟ್ಟ, ಒಂದೂವರೆ ಮೀಟರಿಗೆ ಕಣ್ಣು: ಒಟ್ಟು 8 ಮೀಟರ್. ಮೇಲಿನ ಲೆಕ್ಕದ ಒಳ್ಳೆಯ ವ್ಯಾಪಾರ ಇದೇ. ನೆಲ ಗರಸೋ ಕಲ್ಲೋ ಇದ್ದರೆ ಬುನಾದಿಯೂ ಅಗ್ಗ.

ಅಟ್ಟದ ವಿಷಯಕ್ಕೆ ಬರೋಣ. ಮೊದಲಿಗೆ ಗಾಜು ಬೇಡವೇ ಬೇಡ. ಗಾಜಿನಲ್ಲಿ ಆಕಾಶ ಕಂಡು ಹಕ್ಕಿಗಳು ಡಿಕ್ಕಿ ಹೊಡೆದು ಸಾಯುತ್ತವೆ. ಒಳಗೆ ಬಿಸಿಲಿಗೆ ಬೇಯುತ್ತದೆ. ಒಂದೇ ವರ್ಷದಲ್ಲಿ ಗೀರು, ಧೂಳು, ಪ್ರೇಮಿಗಳ ಹೆಸರು. ಬದಲಿಗೆ ನೀರಿನ ಕಡೆ ಹಲಗೆಯ ಗೋಡೆ ಕಟ್ಟಿ, ಅದರಲ್ಲಿ ಉದ್ದಕ್ಕೆ ಕಿಂಡಿಗಳನ್ನು ಬಿಡಿ. ಒಂದು ಸಾಲು ನೆಲದಿಂದ 1 ಮೀಟರಿನಿಂದ ಒಂದೂಕಾಲು ಮೀಟರ್‌ವರೆಗೆ, ಬೆಂಚಿನ ಮೇಲೆ ಕುಳಿತ ದೊಡ್ಡವರಿಗೂ ನಿಂತ ಮಕ್ಕಳಿಗೂ. ಇನ್ನೊಂದು ಸಾಲು 1.4 ಮೀಟರಿನಿಂದ 1.65ರವರೆಗೆ, ನಿಂತ ದೊಡ್ಡವರಿಗೆ. ಕಿಂಡಿಯ ಕೆಳಗೆ ಒಳಬದಿಗೆ ಒಂದು ಗೇಣು ಅಗಲದ ಮಣೆ ಇಟ್ಟರೆ ಮೊಣಕೈ ಊರಿ ದುರ್ಬೀನು ಹಿಡಿಯಬಹುದು. ಕೈ ನಡುಗದಿದ್ದರೆ ಸಾಧಾರಣ ದುರ್ಬೀನೂ ಚೆನ್ನಾಗಿ ತೋರಿಸುತ್ತದೆ. ಅಷ್ಟು ಸಣ್ಣ ಮಣೆ ಮಾಡುವ ಉಪಕಾರ ದೊಡ್ಡದು.

ಜನ ಮರೆಯುವ ಸಂಗತಿ ಹಿಂಗೋಡೆ. ಮುಂದೆ ಕಿಂಡಿ ಬಿಟ್ಟು ಹಿಂದೆ ತೆರೆದಿಟ್ಟರೆ, ಹಿಂದಿನ ಬೆಳಕು ಕಿಂಡಿಯಲ್ಲಿ ಹಾದುಬರುತ್ತದೆ, ತಲೆ ಅಡ್ಡ ಬಂದಾಗಲೆಲ್ಲ ಕಿಂಡಿ ಮಿನುಗುತ್ತದೆ. ಕೆರೆಯ ಕಡೆಯಿಂದ ಅದು ಕಣ್ಣು ಮಿಟುಕಿಸಿದ ಹಾಗೆ. ಹಿಂದೆಯೂ ಹಲಗೆಯಿರಲಿ, ಮೇಲೆ ಮಾಡು ತಗ್ಗಿರಲಿ, ಒಳಗೆ ಮಬ್ಬುಗತ್ತಲಿರಲಿ. ಬೇಸಿಗೆಯಲ್ಲಿ ಗಾಳಿಯಾಡಲು ಹಿಂಗೋಡೆಯ ಮೇಲ್ಭಾಗದಲ್ಲಿ ಓರೆ ಹಲಗೆಗಳ ಜಾಲರಿ ಸಾಕು. ಹೊರಗೆ ದಿಬ್ಬದ ಮಣ್ಣಿನ ಬಣ್ಣ ಬಳಿಯಿರಿ. ನವಿಲಿನ ಚಿತ್ರ, ಸ್ವಾಗತದ ಬೋರ್ಡು, ದಾನಿಗಳ ಹೆಸರು ಎಲ್ಲವೂ ಊರ ಕಡೆಯ ಮುಖಕ್ಕೆ.

ಹಕ್ಕಿಗಳು ಬೆದರುವುದು ಅಟ್ಟದಲ್ಲಿ ಕುಳಿತವರಿಗಿಂತ ಅಲ್ಲಿಗೆ ನಡೆದು ಬರುವವರಿಗೆ. ಆದ್ದರಿಂದ ಮೆಟ್ಟಿಲು ಕೆರೆಗೆ ಬೆನ್ನಾಗಿ ಗೋಪುರದ ಹಿಂಬದಿಯಲ್ಲಿರಲಿ. ಗುಡಿಯಿಂದ ಮೆಟ್ಟಿಲಿನವರೆಗಿನ ದಾರಿಯ ಪಕ್ಕಕ್ಕೆ ಆಳೆತ್ತರದ ತಡಿಕೆಯೋ ಲಂಟಾನ ಕಡ್ಡಿಯ ಬೇಲಿಯೋ ಇರಲಿ. ಸುರುಳಿ ಮೆಟ್ಟಿಲು ನೋಡಲು ಚೆಂದ. ಆದರೆ ಇಳಿಯುವವರೂ ಹತ್ತುವವರೂ ನಡುವೆ ಎದುರಾದರೆ ಒಬ್ಬರು ಹಿಂದೆ ಹೋಗಬೇಕು. ಅದರ ಒಳಅಂಚಿನಲ್ಲಿ ಕಾಲಿಡಲು ನಾಲ್ಕು ಬೆರಳು ಜಾಗವಿರುವುದಿಲ್ಲ. ಸೀರೆಯುಟ್ಟ ಅಜ್ಜಿಗೆ ಅದು ಶಿಕ್ಷೆ. 1.2 ಮೀಟರ್ ಅಗಲದ ನೇರ ಮೆಟ್ಟಿಲು ಮಾಡಿ. ಮೂರೂವರೆ ಮೀಟರಿಗೆ 24 ಮೆಟ್ಟಿಲು, ಒಂದೊಂದೂ 15 ಸೆಂಟಿಮೀಟರಿಗೆ ತುಸು ಕಡಿಮೆ ಎತ್ತರ, 30 ಸೆಂಟಿಮೀಟರ್ ಅಗಲ, ಹನ್ನೆರಡಕ್ಕೊಂದು ತಂಗುಜಾಗ. ಬರಿಯ ಕಬ್ಬಿಣದ ತಗಡಿನ ಮೆಟ್ಟಿಲಾದರೆ ನಲವತ್ತು ಜೊತೆ ಬೂಟುಗಳ ಸದ್ದು ಕೆರೆಯಾಚೆಗೂ ಡೋಲಿನಂತೆ ಕೇಳುತ್ತದೆ. ಕಬ್ಬಿಣದ ಚೌಕಟ್ಟಿನೊಳಗೆ ಕಾಂಕ್ರೀಟು ತುಂಬಿದ ಮೆಟ್ಟಿಲು ಸದ್ದು ನುಂಗುತ್ತದೆ. ಜಾಲರಿಯ ನೆಲವೂ ಬೇಡ. ಕಾಲಡಿಯಲ್ಲಿ ಆಳ ಕಂಡರೆ ಕೆಲವರಿಗೆ ತಲೆ ಸುತ್ತುತ್ತದೆ, ಮೇಲಿನವರ ಚಪ್ಪಲಿಯ ಮಣ್ಣು ಕೆಳಗಿನವರ ತಲೆಗೆ.

ನಲವತ್ತು ಮಕ್ಕಳ ಪ್ರಶ್ನೆ. ಆರು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಅಟ್ಟದಲ್ಲಿ ಹದಿನೈದು ಜನ ನೆಮ್ಮದಿಯಾಗಿ ನೋಡಬಹುದು. ಅದಕ್ಕಿಂತ ಹೆಚ್ಚಾದರೆ ಹಿಂದಿನವರು ನೋಡುವುದು ಮುಂದಿನವರ ಬೆನ್ನು. ಆದ್ದರಿಂದ ಹದಿನೈದು ಜನಕ್ಕೆ ಅನುಕೂಲ ಮಾಡಿ, ಆದರೆ ಹದಿನೈದೇ ಜನ ಹತ್ತುತ್ತಾರೆ ಎಂದು ನಂಬಿ ಕಟ್ಟಬೇಡಿ. ‘ಒಮ್ಮೆಗೆ 15 ಮಂದಿ’ ಎಂಬ ಫಲಕವನ್ನು ಸಂಕ್ರಾಂತಿಯ ದಿನ ಯಾರೂ ಓದುವುದಿಲ್ಲ. ಜನ ಗುಂಪುಗೂಡಿ ನಿಲ್ಲುವ ನೆಲಕ್ಕೆ, ಕಟ್ಟಡ ಎಷ್ಟು ಭಾರ ತಡೆಯಬೇಕೆಂದು ಹೇಳುವ ಭಾರತೀಯ ಮಾನಕ 875ರ ಎರಡನೆಯ ಭಾಗ ಚದರ ಮೀಟರಿಗೆ 5 ಕಿಲೋನ್ಯೂಟನ್, ಎಂದರೆ ಸುಮಾರು 500 ಕಿಲೋ ಭಾರ ಹಿಡಿಯಲು ಹೇಳುತ್ತದೆ. ನಿಮ್ಮ ಹದಿನೈದು ಚದರ ಮೀಟರಿಗೆ ಅದು ಏಳೂವರೆ ಟನ್. ಇದು ಅತಿಯಾಯಿತು ಎಂದು ಗುತ್ತಿಗೆದಾರರು ವಾದಿಸಿದರೆ ಒಪ್ಪಬೇಡಿ. ಯಾರೋ ಒಬ್ಬರು ‘ಅಗೋ, ಅಲ್ಲಿ!’ ಎಂದ ಕೂಡಲೇ ಅಟ್ಟದ ಅಷ್ಟೂ ಜನ ಒಂದೇ ಮೂಲೆಗೆ ನುಗ್ಗುತ್ತಾರೆ. ಲೆಕ್ಕ ಹಾಕುವವರು ಎಲ್ಲ ಭಾರವೂ ಅರ್ಧ ಅಟ್ಟದ ಮೇಲೆ ಬಿದ್ದಾಗ ಏನಾಗುತ್ತದೆ ಎಂದೂ ನೋಡಿರಬೇಕು. ಕಟಾಂಜನಕ್ಕೂ ಹಾಗೆಯೇ. ಜನಜಂಗುಳಿಯ ಜಾಗದಲ್ಲಿ ಅದು ಒಂದೊಂದು ಮೀಟರಿಗೂ 2.25 ಕಿಲೋನ್ಯೂಟನ್ ಅಡ್ಡನೂಕನ್ನು ತಡೆಯಬೇಕು, ಇದು ಮೂರು ನಾಲ್ಕು ಗಟ್ಟಿ ಆಳುಗಳು ಮೈಭಾರ ಹಾಕಿ ಒರಗಿದಷ್ಟು. ಎತ್ತರ 1.2 ಮೀಟರ್. ಪಟ್ಟಿಗಳು ಲಂಬವಾಗಿರಲಿ, ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಸಂದು ಬೇಡ. ಅಡ್ಡಪಟ್ಟಿ ಹಾಕಿದರೆ ಅದು ಕಟಾಂಜನವಲ್ಲ, ಮಕ್ಕಳಿಗೆ ಏಣಿ.

ಉಳಿದ ಮಕ್ಕಳೆಲ್ಲಿ? ಒಂದು ಗುಂಪು ಮೇಲೆ, ಒಂದು ಗುಂಪು ಹುಣಸೆಯ ನೆರಳಿನಲ್ಲಿ ಮೇಷ್ಟ್ರ ಪಾಠ ಕೇಳುತ್ತಾ, ಇನ್ನೊಂದು ಗುಂಪು ಏರಿಯ ಮರೆಯಲ್ಲಿ. ಏರಿಯ ಮೇಲೆ ಕಟ್ಟಬೇಡಿ ಎಂದೆನಲ್ಲ, ಬಳಸಬೇಡಿ ಎನ್ನಲಿಲ್ಲ. ಏರಿಯೇ ನಾಲ್ಕೈದು ಮೀಟರ್ ಎತ್ತರದ ಸಿದ್ಧ ಗೋಪುರ. ಅದರ ಹೊರಇಳಿಜಾರಿನ ಕಡೆ ನಡೆದು ಬಂದು, ಮೇಲೆ ನೆಲ ತೋಡದೆ ನಿಲ್ಲಿಸಿದ ಕಿಂಡಿಯ ತಡಿಕೆಯ ಹಿಂದೆ ಕೂರಬಹುದು; ಋತು ಮುಗಿದ ಮೇಲೆ ತಡಿಕೆ ಎತ್ತಿ ಗುಡಿಯಲ್ಲಿಡಬಹುದು. ಗಾಲಿಕುರ್ಚಿಯಲ್ಲಿ ಬರುವವರಿಗೂ ಮೊಣಕಾಲು ನೋವಿನವರಿಗೂ ಇದೇ ಜಾಗ. ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ ಮೂರೂವರೆ ಮೀಟರ್ ಅಟ್ಟಕ್ಕೆ ಹತ್ತಿಸಲು 42 ಮೀಟರ್ ಉದ್ದದ ರ‍್ಯಾಂಪ್ ಬೇಕು, ತಂಗುಜಾಗಗಳು ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ‘ಅವರು ಕೆಳಗೇ ಇರಲಿ’ ಎನ್ನುವಂತಿಲ್ಲ, ಎನ್ನಲೂಬಾರದು. ಎತ್ತು ಬಂಡಿ ಏರಿಯ ಮೇಲೆ ಹತ್ತುವ ದಾರಿ ಎಲ್ಲಿದೆಯೋ ಅದನ್ನೇ ಹದ ಮಾಡಿ ಬಳಸಿಕೊಳ್ಳಿ.

ಅಲುಗಾಟದ ಬಗ್ಗೆ ಎರಡು ಮಾತು. ಬೀಳದಿರುವಷ್ಟು ಗಟ್ಟಿಯಿರುವುದು ಒಂದು, ಅಲುಗದಷ್ಟು ಬಿಗಿಯಿರುವುದು ಇನ್ನೊಂದು. ಮನುಷ್ಯ ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾನೆ, ಎಡಬಲಕ್ಕೆ ತೂಗುವುದು ಸೆಕೆಂಡಿಗೊಮ್ಮೆ. ಲಂಡನ್ನಿನ ಮಿಲೆನಿಯಂ ಸೇತುವೆ 2000ದ ಜೂನ್ 10ರಂದು ತೆರೆದು ಎರಡೇ ದಿನಕ್ಕೆ ಮುಚ್ಚಿದ್ದು ಈ ಎಡಬಲದ ತೂಗಾಟಕ್ಕೆ ತಾಳ ಕೂಡಿದ್ದರಿಂದ. ತೆಳ್ಳಗಿನ ಎತ್ತರದ ಗೋಪುರವೂ ಹಾಗೆ ತಾಳ ಹಿಡಿಯಬಲ್ಲದು. ಬೀಳದಿರಬಹುದು, ಆದರೆ ಮೂವತ್ತು ಪಟ್ಟು ದೊಡ್ಡದು ಮಾಡುವ ದೂರದರ್ಶಕ ನಡುಕವನ್ನೂ ಮೂವತ್ತು ಪಟ್ಟು ಮಾಡಿ ತೋರಿಸುತ್ತದೆ. ಮೂರೂವರೆ ಮೀಟರಿನ, ನಾಲ್ಕು ಮುಖಕ್ಕೂ ಕತ್ತರಿ ಆಧಾರ ಕೊಟ್ಟ ಅಟ್ಟಕ್ಕೆ ಈ ಕಾಟವಿಲ್ಲ.

ಗಾಳಿಯನ್ನು ಅದೇ ಮಾನಕದ ಮೂರನೆಯ ಭಾಗದಂತೆ ಲೆಕ್ಕ ಹಾಕಿಸಿ. ಲೆಕ್ಕಕ್ಕೆ ಹಿಡಿಯಬೇಕಾದ ಗಾಳಿಯ ಮೂಲವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಸಣ್ಣ ವ್ಯತ್ಯಾಸ ಎನಿಸುತ್ತದೆ. ಒತ್ತಡದಲ್ಲಿ ಅದು ಚದರ ಮೀಟರಿಗೆ ಸುಮಾರು 67 ಕಿಲೋಗೂ 93 ಕಿಲೋಗೂ ಇರುವ ಅಂತರ. ನಿಮ್ಮ ಊರಿನದನ್ನು ಮಾನಕದ ಗಾಳಿನಕ್ಷೆಯಲ್ಲಿ ನೋಡಿಯೇ ಹಾಕಬೇಕು, ಅಂದಾಜು ಸಲ್ಲದು. ನಾವು ಹಲಗೆಯ ಗೋಡೆ ಕಟ್ಟುತ್ತಿರುವುದರಿಂದ ಗಾಳಿಗೆ ಎದೆಯೊಡ್ಡುವ ಮೈ ಹೆಚ್ಚು, ಮುಂಗಾರಿಗೆ ಮೊದಲಿನ ಬಿರುಗಾಳಿ ಮಾಡಿನ ತಗಡನ್ನು ಕೆಳಗಿನಿಂದ ಎತ್ತಲು ನೋಡುತ್ತದೆ. ಅದೇ ಏಪ್ರಿಲ್ ಮೇ ಸಿಡಿಲಿನ ಕಾಲ. ಸಿಡಿಲುಕಡ್ಡಿ, ನೆಲಕ್ಕಿಳಿಯುವ ಪಟ್ಟಿ, ಅರ್ಥಿಂಗ್ ಗುಂಡಿ ಇರಲಿ. ಆದರೂ ಗುಡುಗು ಕೇಳಿದರೆ ಗೇಟಿಗೆ ಬೀಗ. ಸಿಡಿಲುಕಡ್ಡಿ ಗೋಪುರವನ್ನು ಕಾಪಾಡುತ್ತದೆ, ಅದರ ಕಬ್ಬಿಣ ಹಿಡಿದು ನಿಂತವರನ್ನಲ್ಲ.

ಕಬ್ಬಿಣವೋ ಕಾಂಕ್ರೀಟೋ? ಬಿದಿರು, ಸರ್ವೆಯ ಆಸೆ ಕೆಲವರಿಗಿರುತ್ತದೆ. ಗೆದ್ದಲು ಎರಡು ಮೂರು ವರ್ಷದಲ್ಲಿ ಲೆಕ್ಕ ಚುಕ್ತಾ ಮಾಡುತ್ತದೆ. ಕಾಂಕ್ರೀಟು ಊರ ಮೇಸ್ತ್ರಿಗೆ ಗೊತ್ತಿರುವ ಕೆಲಸ, ಆದರೆ ಕೊನೆಗೆ ಅದು ನೀರಿನ ಓವರ್‌ಹೆಡ್ ಟ್ಯಾಂಕಿನಂತೆ ಕಾಣುವ ಹಣೆಬರಹ ತಪ್ಪದು. ನನ್ನ ಒಲವು ಬಿಸಿಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣಕ್ಕೆ. ಎಲ್ಲ ತುಂಡುಗಳನ್ನೂ ಕಾರ್ಖಾನೆಯಲ್ಲೇ ತೂತು ಕೊರೆದು, ಅದ್ದಿಸಿ, ಸ್ಥಳದಲ್ಲಿ ಬೋಲ್ಟು ಹಾಕಿ ಜೋಡಿಸುವುದು. ಸ್ಥಳದಲ್ಲಿ ವೆಲ್ಡಿಂಗ್ ಮಾಡಿದರೆ ಅಲ್ಲಿನ ಸತು ಸುಟ್ಟು, ಮೊದಲ ಮಳೆಗೇ ಕೆಂಪು ಕಣ್ಣೀರು ಸುರಿಯುತ್ತದೆ. ಕಂಬದ ಬುಡ ಮಣ್ಣಿನಲ್ಲಿ ಹೂತಿರಬಾರದು, ಒಂದಡಿ ಎತ್ತರದ ಕಾಂಕ್ರೀಟು ಪೀಠದ ಮೇಲೆ ಕೂರಲಿ. ಕೈಗೆಟಕುವ ಎತ್ತರದ ಬೋಲ್ಟುಗಳ ಎಳೆಯನ್ನು ಜಜ್ಜಿಬಿಡಿ. ಗುಜರಿಗೆ ಹೋದ ಬೋಲ್ಟುಗಳಿಂದಾಗಿ ಓಲಾಡುತ್ತಿದ್ದ ಗೋಪುರವನ್ನು ನಾನು ಹತ್ತಿದ್ದೇನೆ.

ಹತ್ತಿ ಬೆವರಿದ ಇನ್ನೊಂದು ಸಂದರ್ಭವನ್ನೂ ಹೇಳಬೇಕು. ಎತ್ತರದ ಒಂದು ಗೋಪುರದ ಎರಡನೆಯ ತಂಗುಜಾಗಕ್ಕೆ ಬಂದಾಗ, ಮೇಲಿನ ಚಪ್ಪಡಿಯ ಅಡಿಗೆ ಗಾಢ ಕಂದು ಬಣ್ಣದ ಕಂಬಳಿಯೊಂದು ಜೋತುಬಿದ್ದಂತೆ ಕಂಡಿತು. ಗಾಳಿ ಬೀಸಿತು. ಕಂಬಳಿಯ ಮೈಮೇಲೆ ಒಂದು ಅಲೆ ಮೇಲಿಂದ ಕೆಳಕ್ಕೆ ಥಳಥಳಿಸಿ ಓಡಿತು, ಮತ್ತೊಂದು ಓಡಿತು. ಹೆಜ್ಜೇನು. ಸಾವಿರಾರು ಹುಳುಗಳು ಒಟ್ಟಿಗೆ ಹಿಂಭಾಗ ಎತ್ತಿ ಇಳಿಸಿದಾಗ ಏಳುವ ಎಚ್ಚರಿಕೆಯ ಅಲೆ ಅದು. ಇದ್ದದ್ದು ಒಂದೇ ಮೆಟ್ಟಿಲು, ಅದೂ ಗೂಡಿನ ಪಕ್ಕದಲ್ಲೇ. ಉಸಿರು ಬಿಗಿಹಿಡಿದು ಹಿಮ್ಮುಖವಾಗಿ ಇಳಿದೆ. ಎತ್ತರದಲ್ಲಿ ಚಾಚಿದ ಚಪ್ಪಡಿ ಎಂದರೆ ಹೆಜ್ಜೇನಿಗೆ ಬಂಡೆಯ ಚಾಚೇ. ನಮ್ಮ ನೀರಿನ ಟ್ಯಾಂಕುಗಳ ಅಡಿಯಲ್ಲಿ ನೋಡಿಯೇ ಇರುತ್ತೀರಿ. 15 ಮೀಟರಿನ ಗೋಪುರಕ್ಕೆ ಅದು ಆಹ್ವಾನಪತ್ರಿಕೆ. ತಗ್ಗಿನ ಅಟ್ಟಕ್ಕೆ ಅಪಾಯ ಕಡಿಮೆ, ಇಲ್ಲವೆಂದಲ್ಲ. ಅಡಿಭಾಗದಲ್ಲಿ ತೊಲೆಗಳ ಕೆಳಗೆ ಸಣ್ಣ ಕಣ್ಣಿನ ತಂತಿಬಲೆ ಬಿಗಿಯಿರಿ, ಅಟ್ಟದ ಇನ್ನೊಂದು ತುದಿಯಿಂದ ಇಳಿಯಲು ಏಣಿಯಾದರೂ ಇರಲಿ. ಪ್ರತಿ ಅಕ್ಟೋಬರಿನಲ್ಲಿ, ಜನ ಬರುವ ಮುನ್ನ, ಬೋಲ್ಟು, ತುಕ್ಕು, ಕಣಜ, ಹಾವು, ಜೇನು ಎಲ್ಲವನ್ನೂ ಒಬ್ಬರು ಹತ್ತಿ ನೋಡಿ ಬರೆದಿಡಬೇಕು. ಗೂಡು ಕಂಡರೆ ಹೊಗೆ ಹಾಕಲು ಹೋಗದೆ ಗೋಪುರ ಮುಚ್ಚಿ.

ದೀಪ ಬೇಡ, ಸೌರದೀಪವೂ ಬೇಡ. ಹೆಬ್ಬಾತುಗಳು ಸಂಜೆಗತ್ತಲಲ್ಲಿ ಹೊಲಗಳಿಗೆ ಮೇಯಲು ಹಾರಿ ಬೆಳಿಗ್ಗೆ ಕೆರೆಗೆ ಮರಳುವವು. ಅವುಗಳ ದಾರಿಯಲ್ಲಿ ಬೆಳಕಿನ ಕಂಬ ನಿಲ್ಲಿಸುವುದು ಅನ್ಯಾಯ. ಕಾಮಗಾರಿ ಏಪ್ರಿಲಿಗೆ ಮೊದಲು ಬೇಡ, ಅಕ್ಟೋಬರಿಗೆ ಮುಗಿದಿರಲಿ. ಗುಂಡಿ ತೆಗೆಯುವ ಮುನ್ನ ದಿಬ್ಬದ ಮೇಲೆ ಟಿಟ್ಟಿಭದ ಮೊಟ್ಟೆಗಳಿವೆಯೇ ನೋಡಿ. ಬೇಸಿಗೆಯಲ್ಲಿ ಬರಿಯ ನೆಲದ ಮೇಲೇ ಇಡುತ್ತವೆ, ಕಲ್ಲಿನ ಬಣ್ಣಕ್ಕೆ ಬೆರೆತು ಕಾಲಡಿ ಸಿಗುವವರೆಗೂ ಕಾಣುವುದಿಲ್ಲ.

ಪರವಾನಗಿಯ ಮಾತು ಚುಟುಕಾಗಿ. ಮೀಸಲು ಘೋಷಣೆಯಾದರೆ 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಸೇರಿದ ಕಲಮಿನಡಿ ನಿರ್ವಹಣಾ ಸಮಿತಿಯಾಗುತ್ತದೆ, ನಕ್ಷೆ ಅವರ ಮುಂದೆ ಹೋಗಬೇಕು. 2014ರ ಕರ್ನಾಟಕದ ಕೆರೆ ಸಂರಕ್ಷಣಾ ಕಾಯ್ದೆ ಕೆರೆಯ ಅಂಚಿನ ಕಟ್ಟಡಗಳಿಗೆ ಮಿತಿ ಹಾಕಿದೆ. ದಿಬ್ಬ ಆ ಅಂಚಿನೊಳಗೆ ಬರುತ್ತದೆಯೇ ಎಂದು ಸರ್ವೆ ಮಾಡಿಸಿ, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಆದರೆ ಇದೆಲ್ಲಕ್ಕೂ ಮೊದಲು, ಬರುವ ಚಳಿಗಾಲದಲ್ಲಿ ಏನೂ ಕಟ್ಟಬೇಡಿ. ದಿಬ್ಬದ ಮೇಲೆ ಒಂದು ಟ್ರ್ಯಾಕ್ಟರ್ ಟ್ರೇಲರ್ ನಿಲ್ಲಿಸಿ, ಸುತ್ತ ಸೊಪ್ಪೆಯ ತಡಿಕೆ ಕಟ್ಟಿ, ಅದರೊಳಗೆ ವಾರಕ್ಕೆ ಎರಡು ದಿನ ಬೆಳಿಗ್ಗೆ ಸಂಜೆ ಕುಳಿತು ನೋಡಿ. ಬಾತುಗಳು ಎಲ್ಲಿ ಇಳಿಯುತ್ತವೆ, ಯಾವ ಕಡೆಯಿಂದ ಹಾರಿಬರುತ್ತವೆ, ನೀವು ಕೆಮ್ಮಿದರೆ ಏನು ಮಾಡುತ್ತವೆ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಜೊತೆಗೆ ನಿಮ್ಮ ಕೆರೆಯ ನೀರಗಂಟಿಯನ್ನೋ, ಆ ಕೆಲಸ ಈಗ ಇಲ್ಲದಿದ್ದರೆ ಅದನ್ನು ಮಾಡುತ್ತಿದ್ದವರ ಮನೆಯ ಹಿರಿಯರನ್ನೋ ಕರೆದುಕೊಂಡು ಹೋಗಿ, ಯಾವ ತಿಂಗಳಿಗೆ ನೀರು ಎಲ್ಲಿಗೆ ಇಳಿಯುತ್ತದೆ ಎಂದು ಕೇಳಿ ಅಲ್ಲಲ್ಲೇ ಗೂಟ ನೆಡಿಸಿ. ಆ ಗೂಟಗಳ ಅಳತೆ ಮತ್ತು ನೋಟುಬುಕ್ಕು ಕಳಿಸಿಕೊಟ್ಟರೆ ಅಟ್ಟದ ಕಿಂಡಿ ಯಾವ ಕಡೆಗೆ ತೆರೆಯಬೇಕೆಂದು ನಾನೇ ಗೆರೆ ಎಳೆದು ಕೊಡುತ್ತೇನೆ.